ಓದದೆ ಬಿಟ್ಟ ಹೆಸರು

ಸೋಮವಾರ ಮಧ್ಯಾಹ್ನ ಏಳನೇ ಬೋರು ಎಂಬ ಊರಿನ ಜನರೇಟರ್ ಕೆಮ್ಮಿ ನಿಂತಾಗ ಭಾಷಾ ಕೇಂದ್ರದ ಕಂಪ್ಯೂಟರ್ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತಿತ್ತು. ನೂರಕ್ಕೆ ನಲವತ್ತೊಂದು ಭಾಗ ಮುಗಿದಿದೆ, ಆಫ್ ಮಾಡಬೇಡಿ ಎಂದು ಪರದೆಯ ಮೇಲೆ ಬರೆದಿತ್ತು. ಯಾರೂ ಆಫ್ ಮಾಡಲಿಲ್ಲ. ಡೀಸೆಲ್ ಪೈಪಿನೊಳಗೆ ಕೆಂಪು ಧೂಳು ಹೊಕ್ಕಿತ್ತು, ಅಷ್ಟೆ. ಅರ್ಧ ಗಂಟೆ ಕಳೆದು ಕರೆಂಟು ಬಂತು. ಪರದೆ ನೀಲಿಯಾಯಿತು, ಕಪ್ಪಾಯಿತು, ಮತ್ತೆ ನೀಲಿಯಾಯಿತು. ಬಾಗಿಲು ಬಡಿದು ಒಳಗೆ ಯಾರೂ ಇಲ್ಲವೆಂದು ಗೊತ್ತಾದರೂ ಮತ್ತೆ ಬಡಿಯುವವನ ಹಾಗೆ ಸಂಜೆಯ ತನಕ ಅದು ಅದನ್ನೇ ಮಾಡಿತು.

ಈಗ ಕೇಂದ್ರ ನೋಡಿಕೊಳ್ಳುತ್ತಿದ್ದ ಡೆಲ್ಮಾ ಎದುರಿಗೆ ಕೂತು ಎಣಿಸುತ್ತಿದ್ದಳು. ಶನಿವಾರಕ್ಕೆ ಐದು ದಿನ. ಶನಿವಾರ ದೊಡ್ಡಮ್ಮನ ದನಿಯನ್ನು ತೆರೆಯಬೇಕಿತ್ತು.

ಎರಡು ವರ್ಷದ ಹಿಂದೆ ದೊಡ್ಡಮ್ಮ ಸತ್ತಾಗ, ನೇಮದಂತೆ, ಹೆಸರು, ಮುಖ, ದನಿ ಎಲ್ಲವನ್ನೂ ಮುಚ್ಚಿದ್ದರು. ಆಕೆಯ ಹೆಸರನ್ನು ಊರು ನುಂಗಿಕೊಂಡಿತು. ಅಂಗಡಿಯ ಗಲ್ಲಾದಲ್ಲಿ ಕೂರುವ, ಅದೇ ಹೆಸರಿನ ಹೆಂಗಸು ಆ ಮಧ್ಯಾಹ್ನದಿಂದಲೇ ಕುಮಂಜಾಯಿ ಆದಳು. ಸತ್ತವರ ಹೆಸರನ್ನು ಹೊತ್ತವರೆಲ್ಲ ಅವಧಿ ಮುಗಿಯುವ ತನಕ ಕುಮಂಜಾಯಿಗಳೇ. ಶಾಲೆಯ ಗೋಡೆಯ ಮೇಲಿದ್ದ ಫೋಟೋದಲ್ಲಿ ಒಂದು ಮುಖಕ್ಕೆ ಮಾತ್ರ ಕಾಗದ ಅಂಟಿತು. ಮನೆಗೆ ಹಸಿ ಎಲೆಯ ಹೊಗೆ ಹಾಕಿದರು. ಕಂಬಳಿ, ಬಟ್ಟೆ, ಕೈಚೀಲ ಬೆಂಕಿಗೆ ಹೋದವು. ಕೈಚೀಲದೊಳಗೆ ಒಂದು ಪುಟ್ಟ ಡಿಸ್ಕ್ ಇತ್ತು, ಅದರಲ್ಲಿ ದನಿಯ ಎರಡನೇ ಪ್ರತಿ ಇತ್ತು ಎಂಬುದು ಆಗ ಕೇಂದ್ರ ನಡೆಸುತ್ತಿದ್ದ ಹೆಲ್ಗಾಗೆ ನೆನಪಾದದ್ದು ಬೂದಿ ತಣ್ಣಗಾದ ಮೇಲೆ.

ಮೊದಲನೇ ಪ್ರತಿ ಕಂಪ್ಯೂಟರಿನಲ್ಲಿತ್ತು. ದೊಡ್ಡಮ್ಮ ಒಂಬತ್ತು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಬಂದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ನಾಯಿಗಳನ್ನು ಹೊರಗಟ್ಟಿ, ಒಬ್ಬಳೇ ಕೂತು ಹಾಡಿದ್ದು. ನೀರಿನ ಹಾಡು. ಹದಿನಾರು ನೀರಗುಂಡಿಗಳನ್ನು ಒಂದರ ಹಿಂದೊಂದು ಹೆಸರಿಟ್ಟು ಕರೆಯುತ್ತ ಹೋಗುವುದು. ಅದು ಇಬ್ಬರ ಹಾಡು. ಒಬ್ಬರು ಗುಂಡಿಯನ್ನು ಕರೆಯುತ್ತಾರೆ, ಇನ್ನೊಬ್ಬರು ಗುಂಡಿಯ ಪರವಾಗಿ ಓಗೊಡುತ್ತಾರೆ. ಹುಡುಗಿಯರಾಗಿದ್ದಾಗಲೇ ಕರೆ ದೊಡ್ಡಮ್ಮನಿಗೆ, ಓಗೊಡುವುದು ಕಿರಿಯಳಾದ ಎಫಿ ಚಿಕ್ಕಮ್ಮನಿಗೆ ಎಂದು ಹಂಚಿಹೋಗಿತ್ತು. ಒಬ್ಬರ ಪಾಲನ್ನು ಇನ್ನೊಬ್ಬರು ಕಲಿಯುವಂತಿರಲಿಲ್ಲ. ನಡುವಿನವಳಾದ ಡೆಲ್ಮಾಳ ತಾಯಿಗೆ ಏನೂ ಸಿಗಲಿಲ್ಲ. ಅವಳು ತಾಳಕ್ಕೆ ಕೋಲು ತಟ್ಟುತ್ತಿದ್ದಳು, ಅವಳೂ ಈಗಿಲ್ಲ.

ಊರು ಬಿಡುವ ಮುಂಚೆ ಹೆಲ್ಗಾ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ್ದಳು. "ನೋಡು, ಆಫೀಸ್ ಒಳಗೆ 'ಮುಚ್ಚಿದ್ದು' ಅಂತ ಇಟ್ಟಿದೀನಿ. ದನಿ ಎಲ್ಲ ಅದರಲ್ಲಿದೆ. ನಿಮ್ಮೋರು ಹೇಳೋ ತನಕ ಒತ್ತಬೇಡ."

ಡೆಲ್ಮಾ ಒತ್ತಿರಲಿಲ್ಲ. ಎರಡು ವರ್ಷ ದಿನಾ ಅದರ ಪಕ್ಕದಲ್ಲೇ ಕೆಲಸ ಮಾಡಿದ್ದಳು. ಮೌಸಿನ ಬಾಣ ಅಪ್ಪಿತಪ್ಪಿ ಅದರ ಮೇಲೆ ಹಾದರೆ, ಮಲಗಿದವರನ್ನು ದಾಟಿದಂತಾಗಿ ಕೈ ಹಿಂದೆ ತೆಗೆಯುತ್ತಿದ್ದಳು.

*

ಬುಧವಾರದ ಟಪಾಲು ವಿಮಾನದಲ್ಲಿ ಒಂದು ಪೆನ್‌ಡ್ರೈವೂ ಒಂದು ಖಾಲಿ ಡಿಸ್ಕೂ ಬಂದವು. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಸ್ಪೈರೋ ಕಳಿಸಿದ್ದು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವನ ಫೋನ್ ಬಂತು. ಡೆಲ್ಮಾ ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟಳು. ಎಫಿ ಚಿಕ್ಕಮ್ಮ ಆಗಲೇ ಬಂದು ಕಾಲು ಚಾಚಿ ನೆಲದ ಮೇಲೆ ಕೂತಿದ್ದಳು, ಟೀ ಡಬ್ಬಿ ತೊಡೆಯ ಮೇಲೆ, ಎರಡು ನಾಯಿ ಬೆನ್ನಿಗೆ.

"ಏನ್ ಕಾಣ್ತಿದೆ ಹೇಳು," ಎಂದ ಸ್ಪೈರೋ.

"ನಿನ್ನ ಪೆನ್‌ಡ್ರೈವ್ ಹಾಕಿದ ಮೇಲೆ ನೀಲಿ ಹೋಯ್ತು. ಚಿಕ್ಕ ಚಿಕ್ಕ ಚಿತ್ರ ಬಂದಿದೆ."

"ಬಂತಾ? ಹೇಳ್ಲಿಲ್ವಾ ನಾನು! ಸ್ಪೈರೋ ಕೈ ಇಟ್ರೆ ಕಲ್ಲೂ ಎದ್ದು ಕೂರುತ್ತೆ."

"ಕೈ ಇಟ್ಟಿದ್ದು ನಾನು. ನೀನು ಏಸಿ ಕೆಳಗೆ ಕೂತಿದೀಯ."

"ಬಾಯಿ ಕಮ್ಮಿ ಮಾಡು ಅನ್ನು ಅವನಿಗೆ," ಎಂದಳು ಚಿಕ್ಕಮ್ಮ ನೆಲದಿಂದ. "ಗ್ರೀಕರಿಗೆಲ್ಲ ಒಂದೇ ಕಾಯಿಲೆ."

"ಯಾರದು, ಎಫಿ ಅಜ್ಜೀನಾ? ಅಜ್ಜಿ, ನನ್ನ ಮದ್ವೆ ಆಗ್ತೀನಿ ಅಂದಿದ್ರಲ್ಲ ಹೋದ ಸಲ, ಏನಾಯ್ತು?"

"ಹಲ್ಲಿಲ್ಲದೋನಿಗೆ ಕಾಯ್ತಿದೀನಿ. ನಿಂಗೆ ಇನ್ನೂ ಇವೆ."

ಡೆಲ್ಮಾ ನಗಲಿಲ್ಲ. "ಸ್ಪೈರೋ, ದನಿ ಇದೆ ಇದರಲ್ಲಿ. ಹೋಗ್ಬಾರ್ದು. ಬೇರೆ ಏನು ಹೋದ್ರೂ ಸರಿ."

"ಹೋಗಲ್ಲ ತಾಯಿ. ಕೇಳು. ಮನೆಗೆ ಬೆಂಕಿ ಬಿದ್ದಿಲ್ಲ, ಬರೀ ಬಾಗಿಲು ಸಿಕ್ಕಿಹಾಕ್ಕೊಂಡಿದೆ. ನಾವೀಗ ಕಿಟಕಿಯಿಂದ ಒಳಗೆ ಇಳಿದಿದೀವಿ. ಬೇಕಾದ್ದನ್ನ ಕಿಟಕಿಯಿಂದಾನೇ ಹೊರಗೆ ಸಾಗಿಸೋಣ. ಆಮೇಲೆ ಮನೆ ಒಡೆದು ಹೊಸದು ಕಟ್ಟೋಣ, ಸಾಮಾನು ವಾಪಸ್ ಇಡೋಣ. ಆದ್ರೆ ನಾನು ಕಳಿಸಿರೋ ಡಿಸ್ಕ್ ಚಿಕ್ಕದು. ಎಲ್ಲಾ ಹಿಡಿಸಲ್ಲ. ಆರಿಸಿ ತಗೋಬೇಕು."

"ಹೇಗೆ ಆರಿಸೋದು?"

"ಜನ ಇಟ್ಕೊಂಡಿದ್ದು ಒಂದೇ ಕಡೆ ಇರುತ್ತೆ. ಯೂಸರ್ಸ್ ಅಂತ ಫೋಲ್ಡರ್ ಕಾಣ್ತಿದೆಯಾ? ಒಳಗೆ ಹೋಗು. ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಇರುತ್ತೆ. ಮೇಲಿಂದ ಓದ್ತಾ ಬಾ, ಬರ್ಕೋತೀನಿ."

ಡೆಲ್ಮಾ ಒತ್ತಿದಳು. ಐದು ಹಳದಿ ಕಡತಗಳು, ಒಂದರ ಕೆಳಗೊಂದು.

"ಡಿಫಾಲ್ಟ್," ಎಂದು ಓದಿದಳು. "ಡೆಲ್ಮಾ."

ಮೂರನೆಯದು ದೊಡ್ಡಮ್ಮನ ಹೆಸರು.

ಎರಡು ವರ್ಷದಿಂದ ಆ ಅಕ್ಷರಗಳನ್ನು ಅವಳು ಎಲ್ಲೂ ಕಂಡಿರಲಿಲ್ಲ. ಮಕ್ಕಳ ಪುಸ್ತಕಗಳಲ್ಲಿ ಹೆಲ್ಗಾಳೇ ಕಪ್ಪು ಮಸಿ ಬಳಿದಿದ್ದಳು. ಕಂಪ್ಯೂಟರ್ ಶುರುವಾದಾಗ ಕಾಣುವ ಹೆಸರುಗಳ ಸಾಲಿನಿಂದಲೂ ತೆಗೆದಿದ್ದಳು. ಆದರೆ ಒಳಗೆ, ಕಿಟಕಿಯಿಂದ ಇಳಿದವರಿಗೆ ಮಾತ್ರ ಕಾಣುವ ಕಡೆ, ಯಂತ್ರ ಹಳೆಯ ಹೆಸರನ್ನು ಹಾಗೇ ಇಟ್ಟುಕೊಂಡಿತ್ತು. ಡೆಲ್ಮಾ ಅಂಗೈಯಿಂದ ಪರದೆ ಮುಚ್ಚಿದಳು. ಓದು ಬಾರದ ಚಿಕ್ಕಮ್ಮನಿಗೆ ಅಷ್ಟು ದೂರದಿಂದ ಏನೂ ಕಾಣುತ್ತಿರಲಿಲ್ಲ. ಕಿವಿ ಮಾತ್ರ ಚುರುಕು.

"ಹೇಳು ಹೇಳು," ಎಂದ ಸ್ಪೈರೋ.

ಬೆರಳ ಸಂದಿಯಿಂದ ಮುಂದಿನದನ್ನು ನೋಡಿ ಹೇಳಿದಳು: "ಆಫೀಸ್. ಪಬ್ಲಿಕ್."

"ನಾಲ್ಕೇನಾ?"

ಫ್ಯಾನ್ ತಿರುಗುತ್ತಿತ್ತು. ಚಿಕ್ಕಮ್ಮ ಟೀ ಹೀರಿದ ಸದ್ದು ಕೇಳಿಸಿತು.

"ನಾಲ್ಕು."

"ಡಿಫಾಲ್ಟು, ಪಬ್ಲಿಕ್ಕು ಬೇಡ, ಅವು ಯಂತ್ರದ್ದು. ನಿಂದೊಂದು, ಆಫೀಸೊಂದು ತಗೋ. ದನಿ ಯಾವುದರಲ್ಲಿದೆ?"

"ಆಫೀಸಲ್ಲಿ. ಮುಚ್ಚಿದ್ದು ಅಂತ ಇದೆ."

"ತೆಗೆದು ನೋಡಿಬಿಡು ಒಂದ್ಸಲ, ಇದೆಯಾ ಅಂತ."

"ತೆಗಿಯೋ ಹಾಗಿಲ್ಲ. ಶನಿವಾರ ತನಕ."

"ಸರಿಯಮ್ಮ. ನಿಮ್ಮ ನೇಮ ನಿಮಗೆ."

ಆಫೀಸ್ ಒಳಗೆ ಹೋಗಿ 'ಮುಚ್ಚಿದ್ದು' ಅಲ್ಲಿದೆ ಎಂಬುದನ್ನು ಮಾತ್ರ ನೋಡಿದಳು. ಇತ್ತು. ಹೆಸರಿನ ಕೊನೆಗೆ ಒಂದು ಚುಕ್ಕಿ, ಚುಕ್ಕಿಯಾದ ಮೇಲೆ ಮೂರು ಅಕ್ಷರ ಹೆಚ್ಚಿಗೆ ಕಂಡವು. ಕಿಟಕಿಯಿಂದ ನೋಡಿದರೆ ಎಲ್ಲವೂ ಸ್ವಲ್ಪ ಬೇರೆ ಕಾಣುತ್ತದೇನೋ ಎಂದುಕೊಂಡಳು.

ಕಾಪಿ ಆಗುತ್ತಿರುವಾಗ ಆ ಮೂರನೆಯ ಕಡತದ ಬಗ್ಗೆ ಯೋಚನೆ ಬಂದೇ ಬಂತು. ಮಾತಾಡದೆ ಅದನ್ನೂ ಎಳೆದು ಹಾಕಬಹುದಿತ್ತು. ಆದರೆ ಏನಿರುತ್ತದೆ ಅದರಲ್ಲಿ? ಹಳೆಯ ಫೋಟೋ, ಮುಖ. ನೋಡಬಾರದ್ದು. ದನಿಯಂತೂ 'ಮುಚ್ಚಿದ್ದು' ಜೊತೆ ಬರುತ್ತಿದೆ. ಹೆಸರನ್ನು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅಳಿಸಿ ಎಂದು ಮನೆಯವರು ಅಂದು ಹೇಳಿದ್ದರು. ಇಲ್ಲೊಂದು ಅಳಿಸದೆ ಉಳಿದುಬಿಟ್ಟಿತ್ತು. ಮನೆ ಒಡೆಯುವಾಗ ಅದೂ ಹೋದರೆ ತಡವಾಗಿಯಾದರೂ ಸರಿಯಾದ ಕೆಲಸ ಆದಂತೆ. ಹೀಗೆ ಅಂದುಕೊಂಡಾಗ ಅವಳಿಗೆ ಸಮಾಧಾನವಾಯಿತು. ಆ ಸಮಾಧಾನವೇ ಆಮೇಲೆ ಅವಳನ್ನು ಹೆಚ್ಚು ಕಚ್ಚಿದ್ದು.

"ಎಷ್ಟು ಜಿಬಿ ಆಯ್ತು?" ಸ್ಪೈರೋ ಕೇಳಿದ.

"ಎರಡು."

"ಎರಡೇ? ಒಂಬತ್ತು ತಿಂಗಳು ಹಾಡಿದ್ರು ಅಂದೆ."

"ಹಾಡು ಕಣೋ, ಸಿನಿಮಾ ಅಲ್ಲ."

"ಅದೂ ಸರಿ," ಎಂದು ನಕ್ಕ. "ಹಾಗಾದ್ರೆ ಈಗ ಅದು ಕೇಳುತ್ತೆ ನೋಡು, ಎಲ್ಲಾ ಅಳಿಸಿಹೋಗುತ್ತೆ, ಖಂಡಿತಾನಾ ಅಂತ. ಖಂಡಿತ ಅನ್ನು."

ಡೆಲ್ಮಾ ಖಂಡಿತ ಎಂದಳು. ಮೂರು ಗಂಟೆಯ ಹೊತ್ತಿಗೆ ಹೊಸ ಪರದೆ ಬಂತು, ಯಾರೂ ವಾಸವಿಲ್ಲದ ಮನೆಯ ಗೋಡೆಯಷ್ಟು ಚೊಕ್ಕ. ಸಾಮಾನು ವಾಪಸ್ ಇಟ್ಟಳು. 'ಮುಚ್ಚಿದ್ದು' ತನ್ನ ಜಾಗದಲ್ಲಿ ಬಂದು ಕೂತಿತು. ಚಿತ್ರದ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದೊಂದು ಬಾಣದ ಗುರುತು. ಅದು ಮೊದಲೂ ಇತ್ತು. ಎರಡು ವರ್ಷದಿಂದ ಇತ್ತು.

"ಬಂದ್ಲಾ?" ಎಂದು ಚಿಕ್ಕಮ್ಮ ನೆಲದಿಂದ ಕೇಳಿದಳು.

"ಬಂದ್ಲು."

ಮುದುಕಿ ನಾಯಿಯ ಬೆನ್ನಿಗೆ ಕೈಯೂರಿ ಎದ್ದಳು. "ನಾಳೆ ಸೌದೆ ತರ್ಬೇಕು, ಶನಿವಾರದ ಊಟಕ್ಕೆ ಕಾಂಗರೂ ಬಾಲ ಸುಡೋಕೆ. ಕಾಂಗರೂ ಎಂಟಾದ್ರೂ ಬೇಕಾಗುತ್ತೆ. ಬೇಟೆಗೆ ಹೋಗೋ ಆ ಬೆನ್ನಿ ಅನ್ನೋ ಹುಡುಗನಿಗೆ ಹೇಳು, ಗುಂಡು ಹೊಡೆಯೋವಾಗ ಟೊಯೋಟಾ ನಿಲ್ಲಿಸು ಅಂತ. ಹೋದ ಸಲ ಗೆದ್ದಲ ಹುತ್ತಕ್ಕೆ ಹೊಡೆದು ಬಂದ."

*

ಶನಿವಾರ ಬಿಸಿಲು ಏರುವ ಮೊದಲೇ ಜನ ಸೇರಿದರು. ನಾನ್ನೂರು ಕಿಲೋಮೀಟರ್ ದೂರದಿಂದಲೂ ಬಂದಿದ್ದರು, ರಾತ್ರಿಯ ಧೂಳು ಕೂದಲಲ್ಲಿ ಹೊತ್ತುಕೊಂಡು. ಹೆಂಗಸರು ಎದೆಗೆ ಹೆಗಲಿಗೆ ಬಿಳಿ ಮಣ್ಣು ಬಳಿದುಕೊಂಡು ಕೇಂದ್ರದ ಕಿಟಕಿಯ ಕೆಳಗೆ ಕೂತರು. ಮುಂದಿನ ಸಾಲಿನಲ್ಲಿ ಹುಡುಗಿಯರು, ಹನ್ನೆರಡು ಮಂದಿ. ಇವತ್ತಿನಿಂದ ಅವರು ನೀರನ್ನು ಕಲಿಯಬೇಕು. ಡೆಲ್ಮಾ ಒಳಗಿನಿಂದ ವೈರು ಎಳೆದು ಎರಡು ದೊಡ್ಡ ಸ್ಪೀಕರುಗಳನ್ನು ಹೊರಗಿನ ಪೀಪಾಯಿಗಳ ಮೇಲೆ ಇರಿಸಿದ್ದಳು. ಅಂಗಡಿಯ ಕುಮಂಜಾಯಿ ಹೊಸ ಸ್ಕರ್ಟ್ ಹಾಕಿಕೊಂಡು ಬಂದಿದ್ದಳು, ಇವತ್ತು ಅವಳ ಹೆಸರೂ ವಾಪಸ್ ಬರುವುದಿತ್ತು.

"ಎರಡು ವರ್ಷ ಆಯ್ತಲ್ಲೇ, ಕೂಗಿದ್ರೆ ತಿರುಗಿ ನೋಡ್ತೀಯೋ ಇಲ್ವೋ?" ಎಂದು ಯಾರೋ ಕಿಚಾಯಿಸಿದರು.

"ಸಾಲ ಕೇಳೋಕಾದ್ರೆ ತಿರುಗಲ್ಲ," ಎಂದಳು ಅವಳು.

ಕ್ರಮ ಎಲ್ಲರಿಗೂ ಗೊತ್ತಿತ್ತು. ಮೊದಲು ದನಿ. ದನಿ ಬಂದು ಎಲ್ಲರ ಕಿವಿ ಮುಟ್ಟಿದ ಮೇಲೆ ಎಫಿ ಚಿಕ್ಕಮ್ಮ ಹೆಸರು ಹೇಳುತ್ತಾಳೆ. ಅವಳು ಹೇಳುವ ಮುಂಚೆ ಯಾರೂ ಹೇಳುವಂತಿಲ್ಲ.

ಚಿಕ್ಕಮ್ಮ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯತ್ತ ಮುಖ ಎತ್ತಿದಳು. "ಹ್ಞೂಂ ಮಗಳೇ. ಬಿಡು ಅವಳನ್ನ."

ಡೆಲ್ಮಾ ಬದುಕಿನಲ್ಲಿ ಮೊದಲ ಬಾರಿಗೆ 'ಮುಚ್ಚಿದ್ದು' ಮೇಲೆ ಎರಡು ಸಲ ಒತ್ತಿದಳು.

ಟಣ್ ಎಂದು ಒಂದು ಸದ್ದು. ದೊಡ್ಡ ಸ್ಪೀಕರುಗಳಲ್ಲಿ ಅದು ಊರಿನ ಆಚೆಯ ತನಕ ಕೇಳಿಸಿತು. ಹುಡುಗಿಯರು ಬೆಚ್ಚಿ ಕಿಸಕ್ಕೆಂದರು. ಪರದೆಯ ಮೇಲೆ ಒಂದು ಚೌಕ, ಅದರೊಳಗೆ ಒಂದೇ ಸಾಲು: ಇದು ತೋರಿಸುತ್ತಿರುವ ವಸ್ತು ಸಿಗುತ್ತಿಲ್ಲ.

ಮತ್ತೆ ಒತ್ತಿದಳು. ಟಣ್.

"ಅದೇನು ಅವಳ ದನೀನಾ?" ಹಿಂದಿನ ಸಾಲಿನ ಗಂಡಸೊಬ್ಬ ಕೇಳಿ ಹೆಂಡತಿಯಿಂದ ತಿವಿಸಿಕೊಂಡ.

ಸ್ಪೈರೋ ಮನೆಯಲ್ಲಿದ್ದ. ಫೋನಿನಲ್ಲಿ ಮಕ್ಕಳ ಗಲಾಟೆ, ಮಾಂಸ ಚುರುಗುಟ್ಟುವ ಸದ್ದು. "ಬಾಣ ಇದೆಯಾ ಮೂಲೇಲಿ? ಪುಟ್ಟದು?" ಎಂದು ಕೇಳಿದ. ಅವಳು ಇದೆ ಎಂದಾಗ ಸದ್ದುಗಳಿಂದ ದೂರ ಹೋಗಿ ಬಾಗಿಲು ಹಾಕಿಕೊಂಡ.

"ಡೆಲ್ಮಾ. ಅದು ಪೆಟ್ಟಿಗೆ ಅಲ್ಲ. ಪೆಟ್ಟಿಗೆ ಎಲ್ಲಿದೆ ಅಂತ ಬೆರಳು ತೋರಿಸೋ ಚೀಟಿ. ಹೆಲ್ಗಾ ಪೆಟ್ಟಿಗೇನ ಇದ್ದಲ್ಲೇ ಬಿಟ್ಟು ಚೀಟಿ ಮಾತ್ರ ಇಲ್ಲಿ ಅಂಟಿಸಿದಾಳೆ. ಹೆದರ್ಬೇಡ. ಅದರ ಮೇಲೆ ಬಲಗಡೆ ಬಟನ್ ಒತ್ತು. ಎಲ್ಲಿಗೆ ತೋರಿಸ್ತಿದೆ ಅಂತ ಬರೆದಿರುತ್ತೆ. ಓದು."

ಒತ್ತಿದಳು. ಬರೆದಿತ್ತು.

"ಯೂಸರ್ಸ್," ಎಂದು ಓದಿದಳು.

"ಯೂಸರ್ಸ್, ಆಮೇಲೆ?"

ಕಿಟಕಿಯ ಕೆಳಗೆ ನೂರು ಜನ ಕಿವಿಗೊಟ್ಟು ಕೂತಿದ್ದರು. ನೊಣಗಳ ಸದ್ದು.

"ಹೆಸರು ಬೇಕು ಡೆಲ್ಮಾ, ಹೆಸರಿಲ್ದೆ ನಾನು ಏನಂತ ಹುಡುಕಲಿ?"

"ಯಾಕೆ ನಿಲ್ಲಿಸಿದೆ?" ಚಿಕ್ಕಮ್ಮ ಎದ್ದು ಕಿಟಕಿಗೆ ಬಂದಿದ್ದಳು. ಮಣ್ಣು ಬಳಿದ ಮುಖ ಸರಳುಗಳ ಹಿಂದೆ ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು.

"ಚಿಕ್ಕಮ್ಮ, ಇಲ್ಲಿ... ಇಲ್ಲಿ ಅವಳ ಹೆಸರು ಬರೆದಿದೆ. ಅವನು ಓದು ಅಂತಾನೆ."

ಮುದುಕಿ ಪರದೆಯನ್ನು ನೋಡಿದಳು. ಓದಲು ಬಾರದ ಕಣ್ಣುಗಳಿಂದ ಎಷ್ಟೋ ಹೊತ್ತು ನೋಡಿದಳು. ನಂತರ, ಕ್ರಮ ತಪ್ಪಿಸಿ, ದನಿಗಿಂತ ಮುಂಚೆ, ದೊಡ್ಡ ಗಂಟಲಿನಲ್ಲಿ ಹೇಳಿದಳು:

"ನೋಲಾ."

"ಆಂ?" ಎಂದಳು ಅಂಗಡಿಯವಳು. ಯೋಚನೆ ಮಾಡುವ ಮುಂಚೆಯೇ ಅವಳ ಬಾಯಿಂದ ಬಂದಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಯಾರೂ ನಗಲಿಲ್ಲ.

ಫೋನಿನಲ್ಲಿ ಕಾಗದ ಮಗುಚುವ ಸದ್ದು. "ನೋಲಾ ಅಂತ ಇರ್ಲಿಲ್ವಲ್ಲ," ಎಂದ ಸ್ಪೈರೋ. "ಗುರುವಾರ ನೀನು ನಾಲ್ಕು ಓದಿದೆ. ಇಲ್ಲೇ ಬರ್ಕೊಂಡಿದೀನಿ."

"ಐದಿತ್ತು."

ಅವನು ಪಟ್ಟಿಯನ್ನು ಮತ್ತೊಮ್ಮೆ ಓದತೊಡಗಿದ: "ಡಿಫಾಲ್ಟ್, ಡೆಲ್ಮಾ, ಆಫೀಸ್..."

"ಐದಿತ್ತು, ಸ್ಪೈರೋ. ಮೂರನೇದು ನಾನು ಓದ್ಲಿಲ್ಲ."

ಆ ಮೇಲೆ ಅವನು ಹೇಳಿದ್ದೆಲ್ಲ ಮೆತ್ತಗಿತ್ತು, ವೈದ್ಯರು ಮಾತಾಡುವ ಹಾಗೆ. ಹೊಸದಾಗಿ ಕಟ್ಟಿದ ಕಂಪ್ಯೂಟರಿನಲ್ಲಿ ಹುಡುಕು ಎಂದ. ಅವಳು ನಾಲ್ಕು ಅಕ್ಷರ ಒತ್ತಿದಳು, ಒಂದೊಂದು ಗುಂಡಿಯೂ ಒಂದೊಂದು ಕಲ್ಲಿನಷ್ಟು ಭಾರವಿತ್ತು. ಏನೂ ಸಿಗಲಿಲ್ಲ ಎಂದು ಬಂತು. ಕಾಪಿ ಮಾಡಿದ ಡಿಸ್ಕಿನಲ್ಲಿ ಹುಡುಕಿದಳು. ಅಲ್ಲೂ ಆ ಚೀಟಿಯೊಂದೇ ಇತ್ತು. ಹಳೆಯ ಕಾಲದ ಡಿಸ್ಕ್ ಆಗಿದ್ದರೆ ಅಳಿಸಿದ್ದರ ನೆರಳು ಉಳಿದಿರುತ್ತಿತ್ತು, ಈಗಿನವು ಖಾಲಿಯಾದ ಜಾಗವನ್ನು ತಾವೇ ತೊಳೆದುಬಿಡುತ್ತವೆ ಎಂದ. ಬುಧವಾರದ ವಿಮಾನಕ್ಕೆ ಹಾಕಿ ಕಳಿಸು, ನೋಡ್ತೀನಿ ಎಂದ. "ಸುಳ್ಳು ಹೇಳಲ್ಲ ತಾಯಿ. ಆಸೆ ಇಟ್ಕೋಬೇಡ."

ಡೆಲ್ಮಾ ಕಿಟಕಿಯತ್ತ ತಿರುಗಿದಳು. ಚಿಕ್ಕಮ್ಮ ಅಲ್ಲೇ ನಿಂತಿದ್ದಳು. ಇಂಥ ಮಾತನ್ನು ಎಲ್ಲಿಂದ ಶುರುಮಾಡುವುದು? "ನಾನು ನೋಡಿದ್ದೆ ಚಿಕ್ಕಮ್ಮ. ಆವತ್ತೇ. ಕೈ ಅಡ್ಡ ಇಟ್ಟೆ. ನೀನು ಅಲ್ಲೇ ಕೂತಿದ್ದೆ, ಅದಕ್ಕೆ ಹೇಳ್ಲಿಲ್ಲ. ಸುಮ್ನೆ ಎಳೆದು ಹಾಕಬಹುದಿತ್ತು. ಹಾಕ್ಲಿಲ್ಲ."

"ಹೇಳಿದ್ರೆ ಈ ಕೋಲಲ್ಲಿ ಹೊಡೀತಿದ್ದೆ," ಎಂದಳು ಮುದುಕಿ.

"ಹೊಡೀಬೇಕಿತ್ತು."

"ನೀನು ಮಾಡಿದ್ದು ಸರಿಯಾಗೇ ಇದೆ." ಚಿಕ್ಕಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. "ನಾನೂ ಹಾಗೇ ಮಾಡ್ತಿದ್ದೆ. ನಿಮ್ಮಮ್ಮನೂ. ಅವಳೂ." ಸರಳನ್ನು ಹಿಡಿದಿದ್ದ ಕೈ ಬಿಟ್ಟಳು. "ಅದೇ."

ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಡೆಲ್ಮಾ ಕುರ್ಚಿಯ ಅಂಚನ್ನು ಹಿಡಿದುಕೊಂಡಳು.

ಹೊರಗೆ ಚಿಕ್ಕಮ್ಮ ಚಾಪೆಗೆ ಹೋಗಿ ಮತ್ತೆ ಕಾಲು ಚಾಚಿ ಕೂತಳು. ಹಿಂದೆ ಯಾರೋ ಹೆಂಗಸು ಅಳಲು ತೊಡಗಿದಳು, ಎರಡು ವರ್ಷದ ಹಿಂದೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದ ಹಾಗೆ. ಚಿಕ್ಕಮ್ಮ ಕೋಲು ಎತ್ತಿದಾಗ ಆ ಅಳುವೂ ನಿಂತಿತು. ಟಕ್, ಟಕ್. ಅವಳು ಬಾಯಿ ತೆರೆಯಲಿಲ್ಲ. ಒಂದು ಕರೆಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತುಟಿ ಮುಚ್ಚಿಕೊಂಡು, ತಲೆ ಒಂದು ಪಕ್ಕಕ್ಕೆ ವಾಲಿಸಿ, ಕೋಲು ಮಾತ್ರ ತಟ್ಟುತ್ತಿದ್ದಳು. ನಂತರ ಹಾಡಿದಳು:

"ಇದೀನಿ, ಇಲ್ಲೇ ಇದೀನಿ."

ಮತ್ತೆ ಟಕ್, ಟಕ್. ಮತ್ತೆ ಅಷ್ಟೇ ಉದ್ದದ ಖಾಲಿ. ಎರಡನೇ ಗುಂಡಿ.

"ಇದೀನಿ, ಇಲ್ಲೇ ಇದೀನಿ."

"ಏನದು?" ಎಂದ ಸ್ಪೈರೋ. ಫೋನ್ ಇಟ್ಟಿರಲಿಲ್ಲ. ಡೆಲ್ಮಾ ಎಣಿಸುತ್ತಿದ್ದಳು. ಮೂರು. ನಾಲ್ಕು. ಒಂದೊಂದು ಖಾಲಿಯೂ ಒಂದೊಂದು ಅಳತೆಯದು ಎಂದು ಅವಳಿಗೆ ಈಗ ತಿಳಿಯಿತು. ಕೆಲವು ಗುಂಡಿಗಳ ಹೆಸರು ಉದ್ದ, ಕೆಲವುಗಳದು ಗಿಡ್ಡ. ಆ ಹೆಸರುಗಳಲ್ಲಿ ಉಳಿದಿರುವುದು ಆ ಉದ್ದ ಮಾತ್ರ.

ಏಳನೆಯದು ಕಳೆದ ಮೇಲೆ ಮುಂದಿನ ಸಾಲಿನ ಒಬ್ಬ ಹುಡುಗಿ, ಎಂಟು ವರ್ಷದವಳಿರಬೇಕು, ಮುಂದಕ್ಕೆ ಬಾಗಿ ಕೇಳಿದಳು.

"ಯಾರಜ್ಜಿ ಇರೋದು? ಎಲ್ಲಿ?"

ಚಿಕ್ಕಮ್ಮ ಅವಳನ್ನು ನೋಡಿದಳು. ಕೋಲು ನಿಲ್ಲಲಿಲ್ಲ. ಎಂಟನೆಯದರ ಹೆಸರು ಉದ್ದವಿರಬೇಕು, ಬಹಳ ಹೊತ್ತು ಹಿಡಿಯಿತು.

"ಇದೀನಿ," ಎಂದು ಹಾಡಿದಳು. "ಇಲ್ಲೇ ಇದೀನಿ."